ಗಂಡು ವಿಚಾರಿಸಲು ಬಂದವಳು

"ಅವನಲ್ಲಿ ಒಳ್ಳೇದು ಏನೇನಿದೆ, ಮೊದಲು ಅದನ್ನ ಬರೀರಿ" ಎಂದರು ಡಾಕ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ದೇವನಹಳ್ಳಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕೆಲಸ ನಡೆಯುತ್ತಿತ್ತು. ಹೆಂಗಸರ ಮೇಲೆ, ಮಕ್ಕಳ ಮೇಲೆ ಕೈಹಾಕಿ ಜೈಲು ಸೇರಿ, ಶಿಕ್ಷೆ ಮುಗಿಸಿ ಬಂದ ಗಂಡಸರು ವಾರಕ್ಕೊಮ್ಮೆ ಅಲ್ಲಿ ಬಂದು ಕೂರುತ್ತಿದ್ದರು. ಅವರು ಮತ್ತೆ ಹಾಗೆ ಮಾಡದಂತೆ ನೋಡಿಕೊಳ್ಳಬೇಕಾದವರು ನಾವು. ಡಾಕ್ಟರೆಂದರೆ ಮನಸ್ಸಿನ ಡಾಕ್ಟರು, ವಯಸ್ಸಾದವರು. ನಾನು ಅವರ ಕೈಕೆಳಗಿನ ಆಪ್ತಸಮಾಲೋಚಕಿ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ಮಧ್ಯೆ ಕೂಗಾಡಿ ಬೆಳೆದವಳು. ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು.

"ಕಾರು ಚೆನ್ನಾಗಿ ಓಡಿಸ್ತಾನೆ ಸಾರ್, ಬರ್ಕೊಳ್ಳಿ" ಎಂದೆ. "ತಲೆ ನೀಟಾಗಿ ಬಾಚ್ಕೊಂಡು ಬರ್ತಾನೆ. ಇನ್ನೇನು ಬೇಕು?"

ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದು ದಾಟುವ ತನಕ ಬಾಯಿ ಮುಚ್ಚಿಕೊಂಡಿರುವುದು ನಮಗೆಲ್ಲ ರೂಢಿಯಾಗಿತ್ತು. ಸದ್ದು ಅಡಗಿದ ಮೇಲೆ ಡಾಕ್ಟರು ಸಮಾಧಾನವಾಗಿ ಹೇಳಿದರು. "ನೋಡಮ್ಮಾ, ಅವನ ಕೆಟ್ಟದ್ದನ್ನೆಲ್ಲ ಕೋರ್ಟೇ ಬರೆದಿದೆ. ಅವನನ್ನ ಹಿಡಿದು ನಿಲ್ಲಿಸೋಕೆ ಏನಿದೆ ಅಂತ ಯಾರೂ ಬರೆದಿಲ್ಲ. ಕೆಲಸ ಇದೆಯಾ, ಬೈದು ಬುದ್ಧಿ ಹೇಳೋರು ಇದಾರಾ, ಮುಂದೆ ಹೇಗೆ ಬದುಕಬೇಕು ಅನ್ನೋ ಆಸೆ ಇದೆಯಾ? ಕಳ್ಕೊಳ್ಳೋಕೆ ಏನೂ ಇಲ್ದೋನು ಇನ್ನೊಂದ್ಸಲ ಮಾಡ್ತಾನೆ. ಇದು ಕ್ಷಮೆ ಅಲ್ಲ. ಇನ್ನೊಂದು ಮಗೂನ ಕಾಪಾಡೋ ದಾರಿ."

ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತು ಕೇಳಿದರೆ ನನಗೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ.

ಆ ಮನುಷ್ಯ ತೂಬಗೆರೆ ಕಡೆಯ ಒಂದು ಹಳ್ಳಿಯವನು. ಏರ್‌ಪೋರ್ಟ್ ಶುರುವಾದ ಹೊಸದರಲ್ಲಿ ಟ್ಯಾಕ್ಸಿ ಇಟ್ಟುಕೊಂಡಿದ್ದ. ಎದುರುಮನೆಯ ಹತ್ತು ವರ್ಷದ ಹುಡುಗಿಯನ್ನು ಶಾಲೆಗೆ ಬಿಡುತ್ತೇನೆಂದು ಕಾರು ಹತ್ತಿಸಿಕೊಳ್ಳುತ್ತಿದ್ದ. ಮುಂದಿನದನ್ನು ನಾನು ಬರೆಯುವುದಿಲ್ಲ. ಜೈಲಿನಿಂದ ಬಂದ ಮೇಲೆ ಪಿಲ್ಲಗುಂಪೆಯ ಒಂದು ಗೋಡೌನಿನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದ್ದ, ಊರಿನಿಂದ ಓಡಾಡುತ್ತಿದ್ದ. ಮಕ್ಕಳಿರುವ ಮನೆಯಲ್ಲಿ ವಾಸ ಮಾಡುವುದಿಲ್ಲ, ಮಕ್ಕಳ ಜೊತೆ ಒಬ್ಬನೇ ಇರುವುದಿಲ್ಲ ಎಂದು ನಮ್ಮ ಮುಂದೆ ಮಾತು ಕೊಟ್ಟಿದ್ದ.

"ನಿನ್ನ ಒಳ್ಳೆ ಗುಣ ಯಾವ್ದಪ್ಪಾ, ನೀನೇ ಹೇಳು" ಎಂದು ಕೇಳಿದೆ.

ಅವನು ನಾಚಿಕೊಂಡ. ಮದುಮಗನ ಹಾಗೆ ನಾಚಿಕೊಂಡ, ದರಿದ್ರ. "ನನಗೆ ಮಕ್ಕಳಂದ್ರೆ ಪ್ರಾಣ ಮೇಡಂ. ತಾಳ್ಮೆ ಜಾಸ್ತಿ. ಊರಲ್ಲಿ ಎಲ್ಲಾರೂ ನನ್ನ ನಂಬ್ತಾರೆ."

ಪೆನ್ನು ಕೆಳಗಿಟ್ಟು ಎದ್ದು ಡಾಕ್ಟರ ಕೋಣೆಗೆ ಹೋದೆ. "ಈ ಮೂರು ಗುಣ ಇಟ್ಕೊಂಡೇ ತಾನೆ ಸಾರ್ ಆ ಮಗೂನ ಕಾರಿಗೆ ಹತ್ತಿಸ್ಕೊಂಡಿದ್ದು? ಇದನ್ನ ಬಲ ಅಂತ ಬರೀಲಾ?"

"ಅವನ ಬಾಯಿಂದ ಕೇಳಿದ್ದು ಸಾಲದು ಅನ್ನೋದು ಅದಕ್ಕೇ" ಎಂದರು. "ಊರಿಗೆ ಹೋಗಿ ನಾಲ್ಕು ಜನರನ್ನ ಕೇಳ್ಕೊಂಡು ಬನ್ನಿ. ಅವನು ಒಪ್ಪಿದಾನೆ. ನಮ್ಮ ಹತ್ರ ಬರ್ತಾನೆ ಅಂತ ಮಾತ್ರ ಬಾಯಿ ಬಿಡಬೇಡಿ."

ಹೋದೆ. ಜನ ಸೇರುವ ಜಾಗ ಎಂದು ಹಾಲಿನ ಡೈರಿಯ ಜಗಲಿಯ ಮೇಲೆ ಕೂತೆ. ಬೆಳಗಿನ ಹಾಲು ಹಾಕಿ ಹೆಂಗಸರು ಗಂಡಸರು ಕ್ಯಾನು ಹಿಡಿದು ನಿಂತಿದ್ದರು. "ಒಂದು ವಿಷಯ ವಿಚಾರಿಸೋದಿತ್ತು" ಎಂದು ಅವನ ಹೆಸರು ಹೇಳಿ, ಡಾಕ್ಟರು ಕಲಿಸಿದ್ದ ಪ್ರಶ್ನೆಗಳನ್ನೇ ಕೇಳಿದೆ. ಗುಣ ಹೇಗೆ? ಕುಡೀತಾನಾ? ಯಾರ ಜೊತೆ ಸೇರ್ತಾನೆ? ದುಡಿಮೆ ಹೇಗೆ? ಸಿಟ್ಟು ಬಂದರೆ ಏನು ಮಾಡ್ತಾನೆ? ಮನೆಯವರನ್ನು ನೋಡ್ಕೋತಾನಾ?

ನಮ್ಮ ಕಡೆ ಈ ಪ್ರಶ್ನೆಗಳನ್ನು ಕೇಳುವವರು ಒಬ್ಬರೇ. ಹೆಣ್ಣಿನ ಕಡೆಯವರು. ಮಗಳನ್ನು ಕೊಡುವ ಮುಂಚೆ ಹೇಳದೆ ಕೇಳದೆ ಗಂಡಿನ ಊರಿಗೆ ಬಂದು, ಅವರ ಮನೆಗೆ ಹೋಗದೆ, ಅಂಗಡಿಯ ಹತ್ತಿರವೋ ಡೈರಿಯ ಹತ್ತಿರವೋ ಕೂತು, ಯಾವುದೋ ವಿಷಯ ಎಂದು ಮಾತು ತೆಗೆಯುತ್ತಾರೆ. ನನ್ನಕ್ಕನ ಮದುವೆಗೆ ನಮ್ಮಪ್ಪ ಹೀಗೇ ಹೋಗಿ ಬಂದಿದ್ದರು. ಹೀಗೆ ಬಂದವರ ಮುಂದೆ ಯಾರೂ ಗಂಡಿನ ಕೆಟ್ಟದ್ದು ಹೇಳುವುದಿಲ್ಲ. ಕೂಡಿಬರುವ ಮದುವೆಗೆ ಕಲ್ಲು ಹಾಕುವುದಕ್ಕಿಂತ ದೊಡ್ಡ ಪಾಪ ಊರಲ್ಲಿ ಇನ್ನೊಂದಿಲ್ಲ.

"ಬಂಗಾರದಂಥ ಹುಡ್ಗ ಕಣವ್ವ" ಎಂದಳು ಒಬ್ಬ ಅಜ್ಜಿ. "ಒಂದು ಇರುವೇನೂ ತುಳ್ಯಲ್ಲ."

"ಬೀಡಿ ಸಮೇತ ಸೇದಲ್ಲ" ಎಂದ ಹಾಲು ಅಳೆಯುವ ಯಜಮಾನ.

"ವಯಸ್ಸು ಸ್ವಲ್ಪ ಆಗೈತೆ ಅಷ್ಟೇಯ. ಅದ್ಯಾಕೆ ಅಂದ್ರೆ ಮಧ್ಯೆ ಏಳೆಂಟು ವರ್ಷ ದುಬೈನಲ್ಲಿದ್ದ" ಎಂದ ಪಕ್ಕದಲ್ಲಿದ್ದವನು.

"ಎಲ್ಲಿ?" ಎಂದೆ.

"ದುಬೈ. ಏರ್‌ಪೋರ್ಟ್ ಆದ್ಮೇಲೆ ಹೋದ್ನಲ್ಲ" ಎಂದು ಅಜ್ಜಿ ಕ್ಯಾನಿನ ಮುಚ್ಚಳ ಒತ್ತಿದಳು. ಅಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಜೈಲನ್ನು ಎತ್ತಿಕೊಂಡು ಹೋಗಿ ಸಮುದ್ರದಾಚೆ ಇಟ್ಟುಬಿಟ್ಟರು. ಒಬ್ಬರ ಮುಖದಲ್ಲೂ ಅಳುಕಿಲ್ಲ.

"ಅಯ್ಯೋ, ನಾನು ಹೆಣ್ಣಿನ ಕಡೆಯವಳಲ್ಲ" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಹೆಣ್ಣಿನ ಕಡೆಯವರು ಹೇಳುವ ಮೊದಲ ಮಾತೇ ಅದು. "ಇರ್ಲಿ ಬಿಡವ್ವ, ನಾವೇನು ಕೇಳಿದ್ವಾ? ಹುಡ್ಗಿ ಬಣ್ಣ ಹೆಂಗೆ, ಅಷ್ಟು ಹೇಳು" ಎಂದಳು ಅಜ್ಜಿ.

ನಿಜ ಹೇಳುವ ಹಾಗಿಲ್ಲ, ಸುಳ್ಳು ಹೇಳುವ ಮನಸ್ಸಿಲ್ಲ. ಎದ್ದು ಬಸ್‌ಸ್ಟಾಪಿನ ಕಡೆ ನಡೆದೆ. ಹಿಂದಿನಿಂದ ಒಬ್ಬ ಹೆಂಗಸು ಕ್ಯಾನು ಹಿಡಿದು ಓಡುತ್ತ ಬಂದಳು. ನನ್ನದೇ ವಯಸ್ಸಿನವಳು, ಒಣಕಲು ಮೈ. "ಬಿಸ್ಲಲ್ಲಿ ಹೊರಟ್ರಲ್ಲ ಅಕ್ಕಾ. ಬನ್ನಿ, ಒಂದ್ಲೋಟ ಮಜ್ಜಿಗೆ ಕುಡ್ಕೊಂಡು ಹೋಗಿ" ಎಂದು ಕೈ ಹಿಡಿದೇ ಕರೆದುಕೊಂಡು ಹೋದಳು.

ಜಗಲಿಯ ಮೇಲೆ ಕೂರಿಸಿ, ಕೇಳದೆಯೇ ಶುರು ಮಾಡಿದಳು. "ಅವ್ನು ಬಂಗಾರ ಅಕ್ಕಾ. ನಾನು ದಿನಾ ನೋಡ್ತೀನಲ್ಲ, ಎದುರು ಮನೆ. ಯೋಚ್ನೆ ಮಾಡ್ಬೇಡಿ. ಮನೆ ಅಳಿಯನ್ನ ಮಾಡ್ಕೊಂಡು ಕರ್ಕೊಂಡ್ಹೋಗ್ಬಿಡಿ. ಆಷಾಢ ಬರೋದ್ರೊಳಗೆ ಮಾಡ್ಬಿಡಿ."

ಒಳಗಿನಿಂದ ಹದಿನೆಂಟರ ಹುಡುಗಿಯೊಬ್ಬಳು ಮಜ್ಜಿಗೆ ತಂದಳು. ಅಮ್ಮ ಅವನ ಹೆಸರು ಎತ್ತಿದ್ದು ಕೇಳಿ ಹೊಸಿಲಲ್ಲೇ ನಿಂತಳು. ಲೋಟವನ್ನು ಅಲ್ಲೇ ನೆಲದ ಮೇಲಿಟ್ಟು ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಕೇಳಿಸಿತು.

"ನನ್ ಮಗ್ಳು. ಮಾತು ಕಮ್ಮಿ" ಎಂದಳು ಆಕೆ. ನನ್ನ ಕೈ ಬಿಡಲಿಲ್ಲ. "ಒಳ್ಳೆ ಹುಡ್ಗ ಅಕ್ಕಾ. ಬೇಗ ಮಾಡ್ಬಿಡಿ."

ನನಗೆ ಗೊತ್ತಾಗಿಹೋಯಿತು. ಆ ಮಗು ಇದೇ. ಹೊಗಳುತ್ತಿರುವುದು ಅದರ ತಾಯಿ. ಕೈ ಬಿಡಿಸಿಕೊಂಡು ಎದ್ದೆ.

"ಊರೆಲ್ಲ ಹೊಗಳ್ತು ಸಾರ್, ಒಂದು ಮಾತೂ ಕೆಲಸಕ್ಕೆ ಬರಲ್ಲ" ಎಂದು ಡಾಕ್ಟರಿಗೆ ನಡೆದದ್ದು ಹೇಳಿದೆ. ದುಬೈ ವಿಷಯಕ್ಕೆ ನಕ್ಕರು. ಆ ತಾಯಿಯ ವಿಷಯಕ್ಕೆ ಕನ್ನಡಕ ತೆಗೆದು ಒರೆಸುತ್ತ ಕೂತರು. ಅವನನ್ನು ತಿದ್ದಲು ನಾವಿಬ್ಬರು, ಎರಡು ಕೋಣೆ, ವಾರವಾರ ಚಹಾ. ಚಿಲಕ ಹಾಕಿಕೊಂಡ ಹುಡುಗಿಗೆ ಇಷ್ಟು ವರ್ಷದಲ್ಲಿ ಯಾರು ಏನು ಮಾಡಿದ್ದರು? ಕೇಳಿದೆ. ಕನ್ನಡಕ ಮತ್ತೆ ಹಾಕಿಕೊಂಡು ಮುಂದಿನವನ ಫೈಲು ತೆಗೆದರು.

ಒಬ್ಬರು ವಿಚಾರಿಸಿ ಹೋದ ಗಂಡಿಗೆ ಹಳ್ಳಿಯಲ್ಲಿ ಬೆಲೆ ಏರುತ್ತದೆ. ಯಾರೋ ಪೇಟೆಯ ಹೆಂಗಸು ಬಂದು ಕೇಳಿಕೊಂಡು ಹೋದಳಂತೆ ಎಂದು ಸುತ್ತಮುತ್ತ ಸುದ್ದಿಯಾಯಿತು. ಅಲ್ಲಿಯವರೆಗೆ ಮಗನ ಮದುವೆಯ ಮಾತೇ ಎತ್ತದಿದ್ದ ಅವನ ತಾಯಿ ಎದೆ ಸೆಟೆಸಿಕೊಂಡು ಹೆಣ್ಣು ಹುಡುಕಲು ಹೊರಟಳಂತೆ. ನಿನ್ನಿಂದಲೇ ಆಗಿದ್ದು ಎಂದು ಯಾರಾದರೂ ಅಂದರೆ ಇವತ್ತಿಗೂ ನಾನು ಜಗಳಕ್ಕೆ ಬೀಳುತ್ತೇನೆ. ನಾನು ಕೇಳಿದ್ದು ಪ್ರಶ್ನೆ. ಸುಳ್ಳು ಹೇಳಿದ್ದು ಅವರು.

ಒಂದು ವಾರ ಅವನು ಹೊಸ ಅಂಗಿ ತೊಟ್ಟು ಬಂದ. "ಹೆಣ್ಣು ಗೊತ್ತಾಯ್ತು ಮೇಡಂ. ತ್ಯಾಮಗೊಂಡ್ಲು ಹತ್ರ. ಗಂಡ ತೀರ್ಕೊಂಡವ್ರೆ, ಅಣ್ಣನ ಮನೇಲಿದಾರೆ. ತೆಂಗಿನ ತೋಟ ನೋಡ್ಕೊಂಡು ಅಲ್ಲೇ ಇರು ಅಂದ್ರು. ಅವರಣ್ಣ ನಮ್ಮೂರಿಗೆ ಬಂದು ವಿಚಾರಿಸ್ಕೊಂಡೂ ಹೋದ್ರು. ಎಲ್ಲಾರೂ ಒಳ್ಳೇದೇ ಹೇಳಿದಾರೆ." ಆಮೇಲೆ ಕಿಟಕಿಯ ಕಡೆ ನೋಡುತ್ತ, "ಆಕೆಗೆ ಒಂದು ಹೆಣ್ಮಗು ಐತೆ. ಎಂಟು ವರ್ಷ. ಈಗ್ಲೇ ನನ್ನ ಅಪ್ಪ ಅಂತಾಳೆ" ಎಂದ.

ಕೂತಿದ್ದ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದೆ. ಡಾಕ್ಟರು ಕೈ ಅಡ್ಡ ಹಿಡಿದರು. ಅವರ ದನಿ ಏರಲಿಲ್ಲ. "ನೀನು ಜೈಲಿಗೆ ಯಾಕೆ ಹೋಗಿದ್ದೆ ಅಂತ ಆಕೆಗೆ ಹೇಳಿದೀಯಾ?"

ಅವನು ಅಳಲು ಶುರು ಮಾಡಿದ. "ಮುಂದಿನ ಬದುಕು ಹೆಂಗಿರ್ಬೇಕು ಯೋಚ್ನೆ ಮಾಡು ಅಂದೋರು ನೀವೇ ಸಾರ್. ಸಂಸಾರ ಬೇಕು ಅಂದಾಗ ಒಳ್ಳೇದು ಅಂದ್ರಿ. ಈಗ ಬಾಯಿಗೆ ಬಂದ ತುತ್ತನ್ನ ಕಿತ್ಕೋತೀರಾ?"

"ಆ ಮಗು ಇರೋ ಮನೆಗೆ ನೀನು ಹೋಗಂಗಿಲ್ಲ. ಈ ಭಾನುವಾರದೊಳಗೆ ನೀನೇ ಹೇಳು. ಇಲ್ಲಾಂದ್ರೆ ನಾವು ಹೇಳ್ತೀವಿ. ಮಗು ವಿಷಯ ಬಂದ್ರೆ ಗುಟ್ಟು ಇಟ್ಕೊಳ್ಳಲ್ಲ ಅಂತ ಮೊದಲ ದಿನವೇ ನಿನಗೆ ಹೇಳಿದೀನಿ."

ಅವನು ಹೇಳಲಿಲ್ಲ. ಹೇಳುತ್ತಾನೆಂದು ನಾನು ನಂಬಿಯೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ತ್ಯಾಮಗೊಂಡ್ಲು ಬಸ್ಸು ಹತ್ತಿದೆ.

ತೆಂಗಿನಗರಿ ಹೆಣೆದು ಚಪ್ಪರಕ್ಕೆ ತಯಾರಿ ನಡೆದಿತ್ತು. ಎರಡು ಜಡೆಯ ಹುಡುಗಿಯೊಂದು ಗರಿಗಳ ಮೇಲೆ ಹಾರಾಡುತ್ತಿತ್ತು. ಹೆಣ್ಣಿನ ಅಣ್ಣನನ್ನು ತೋಟದ ಬದಿಗೆ ಕರೆದು, ನಾನು ಯಾರು, ಅವನು ಯಾರು, ಎಲ್ಲ ಹೇಳಿದೆ. ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಓಹೋ, ನಮಗಿಂತ ಮುಂಚೆ ಡೈರಿ ಹತ್ರ ಕೂತು ವಿಚಾರಿಸಿದ್ರಂತಲ್ಲ, ಆ ಯಮ್ಮ ನೀವೇನಾ?" ಎಂದ. "ನಿಮ್ಮ ಹುಡ್ಗೀಗೆ ತಪ್ಪೋಯ್ತು ಅಂತ ಹೊಟ್ಟೆಕಿಚ್ಚಾ? ಕಲ್ಲು ಹಾಕೋಕೆ ಇಷ್ಟು ದೂರ ಬಂದ್ರಾ?"

ಕೋರ್ಟಿನ ಕಾಗದ ತೆಗೆದು ತೋರಿಸಿದೆ. "ಈ ಹೆಸ್ರಿನೋರು ಊರಿಗೆ ಹತ್ತು ಜನ ಅವ್ರೆ" ಎಂದು ಮಡಚಿ ವಾಪಸ್ಸು ಕೊಟ್ಟ. "ನಾನೇನು ಕಣ್ಮುಚ್ಕೊಂಡು ತಂಗಿ ಕೊಡ್ತಿದೀನಾ? ಅವನ ಎದುರುಮನೆ ಹೆಂಗಸು ಕೈ ಹಿಡ್ಕೊಂಡು ಹೇಳಿದ್ಲು, ಬಂಗಾರ ಅಂತ. ಆಕೆಗೂ ಹೆಣ್ಮಗಳವ್ಳೆ. ಆಕೆಗಿಂತ ನಿಮಗೆ ಜಾಸ್ತಿ ಗೊತ್ತಾ?"

ಆಕೆಯೇ ಆ ಹುಡುಗಿಯ ತಾಯಿ ಎಂದು ಹೇಳುವ ಹಾಗಿಲ್ಲ, ಅಂಥ ಮಕ್ಕಳ ಗುರುತು ಬಯಲು ಮಾಡಬಾರದೆಂದು ಕಾನೂನಿದೆ. ಕಾಗದ ಚೀಲಕ್ಕೆ ಹಾಕಿಕೊಂಡೆ. ಬಾಗಿಲಲ್ಲಿದ್ದ ಆತನ ತಂಗಿ, ಮದುವೆಯಾಗಬೇಕಿದ್ದವಳು, ನನ್ನ ಮುಖ ನೋಡಿ ನೆಲಕ್ಕೆ ಉಗಿದಳು. ಡಾಕ್ಟರು ಪೊಲೀಸರನ್ನು ಕೇಳಿದರು. ಶಿಕ್ಷೆ ಮುಗಿಸಿದವನು ಮದುವೆಯಾಗುವುದು ತಪ್ಪಲ್ಲ, ಏನಾದರೂ ನಡೆದರೆ ಬನ್ನಿ ಎಂದರಂತೆ. ನಡೆದ ಮೇಲೆ ಬರಬೇಕಂತೆ, ಹಾಳಾಗ್ಹೋಗ!

ಉಳಿದದ್ದು ಒಂದೇ ದಾರಿ. ಎದುರುಮನೆಯ ಆ ಹೆಂಗಸು ಬಾಯಿ ಬಿಟ್ಟರೆ ಮಾತ್ರ ತ್ಯಾಮಗೊಂಡ್ಲಿನವರು ನಂಬುತ್ತಿದ್ದರು.

ನಾನು ಹೋದಾಗ ಆಕೆ ಹಿತ್ತಿಲಲ್ಲಿ ಹಸು ಕರೆಯುತ್ತಿದ್ದಳು. ನನ್ನ ಕೆಲಸ ಏನೆಂದು ಈ ಸಲ ನಿಜ ಹೇಳಿದೆ. ಆಶ್ಚರ್ಯಪಡಲಿಲ್ಲ. ಕೆಚ್ಚಲು ಬಿಟ್ಟು ತಿರುಗಿಯೂ ನೋಡಲಿಲ್ಲ.

"ಅಲ್ಲೊಂದು ಮಗು ಇದೆ ಅಕ್ಕಾ. ಎಂಟು ವರ್ಷ."

"ಗೊತ್ತು. ಆ ಮಗೀನ ಸೋದರಮಾವ ವಿಚಾರಿಸೋಕೆ ಬಂದಾಗ ಮೊಬೈಲಲ್ಲಿ ಫೋಟೋ ತೋರಿಸ್ದ. ಎರಡು ಜಡೆ."

"ಗೊತ್ತಿದ್ದೂ ಬಂಗಾರ ಅಂದ್ಯಾ?"

"ಅಂದೆ." ಹಾಲು ಪಾತ್ರೆಗೆ ಸುರಿಯುತ್ತಲೇ ಇತ್ತು. "ಅವ್ನು ಬಂದಾಗಿಂದ ನನ್ ಮಗ್ಳು ಬಾಗ್ಲು ದಾಟಿಲ್ಲ. ಕಾಲೇಜು ಬಿಟ್ಲು. ಬಚ್ಚಲಿಗೆ ಹೋಗ್ಬೇಕಾದ್ರೂ ನಾನು ಜೊತೆಗೆ ಬರ್ಬೇಕು. ಕಸ ಗುಡಿಸೋಕೆ ಬಂದ್ರೆ ಎದುರು ಜಗಲೀಲಿ ಹಲ್ಲುಜ್ಜುತಾ ಕೂತಿರ್ತಾನೆ. ಅವ್ನು ಹೋಗ್ಬೇಕು. ಎಲ್ಲಿಗಾದ್ರೂ ಸರಿ, ಯಾರ ಮನೆಗಾದ್ರೂ ಸರಿ."

"ನಿನ್ ಮಗಳಿಗೆ ಆದದ್ದು ಇನ್ನೊಂದು ಮಗೀಗೂ ಆಗ್ಲಿ ಅಂತೀಯಾ?" ನಾನು ಬೇಕೆಂದೇ ಹಾಗೆ ಕೇಳಿದೆ. ತಿವಿಯಬೇಕಿತ್ತು.

"ಆಗ್ಲಿ ಅಂತಿಲ್ಲ. ನನ್ ಮನೆ ಎದುರು ಬೇಡ ಅಂತೀನಿ." ಈಗ ತಿರುಗಿದಳು. "ನನ್ ಮಗಳನ್ನ ಅವ್ನು ಕಾರು ಹತ್ತಿಸ್ಕೊಂಡಾಗ ಯಾವ ಮೇಡಂ ಬಸ್ ಹತ್ಕೊಂಡು ಹೇಳೋಕೆ ಬಂದಿದ್ಲು? ಎದ್ದು ಹೋಗಿ ಅಕ್ಕಾ. ಹಸು ಹೆದರ್ಕೊತದೆ."

"ನಾನು ಬರ್ತೀನಿ" ಎಂದಿತು ಇನ್ನೊಂದು ದನಿ. ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಅವಳ ದನಿ ನಾನು ಕೇಳಿದ್ದು ಅದೇ ಮೊದಲು. "ನಾನು ಹೇಳ್ತೀನಿ. ಯಾವ ಬಸ್ಸು?"

ತಾಯಿ ಎದ್ದ ರಭಸಕ್ಕೆ ಹಾಲಿನ ಪಾತ್ರೆ ಉರುಳಿತು. ಮಗಳ ಕೆನ್ನೆಗೆ ಎರಡೇಟು ಬಿಟ್ಟಳು. "ಕೋರ್ಟಲ್ಲಿ ಮುಖಕ್ಕೆ ಬಟ್ಟೆ ಕಟ್ಕೊಂಡು ನಿನ್ನ ಕರ್ಕೊಂಡ್ಹೋಗಿದ್ದೆ ಯಾತಕ್ಕೆ? ಈಗ ಊರೂರಿಗೆ ಹೋಗಿ ಸಾರ್ತೀಯಾ? ನಾಳೆ ನಿನ್ನ ಯಾರೇ ಮಾಡ್ಕೋತಾರೆ, ಮುಂಡೇದೇ!"

ಹುಡುಗಿ ಅಳಲಿಲ್ಲ. ಚಪ್ಪಲಿ ಹುಡುಕಿದಳು. ಎಷ್ಟೋ ದಿನದಿಂದ ಮೆಟ್ಟದೆ ಅದರ ಪಟ್ಟಿ ಒರಟಾಗಿತ್ತು. ಅವಳಿಗೆ ಹದಿನೆಂಟು ತುಂಬಿತ್ತು, ಅವಳ ಮಾತು ಅವಳದು. ಬಂದರೆ ಏನೇನಾಗಬಹುದು ಎಂದು ದಾರಿಯಲ್ಲಿ ಹೇಳಿದೆ, ಈಗಲೂ ವಾಪಸ್ಸು ಹೋಗಬಹುದು ಎಂದೆ. "ಆ ಮಗು ಸ್ಕೂಲಿಗೆ ನಡ್ಕೊಂಡು ಹೋಗುತ್ತಾ?" ಎಂದಷ್ಟೇ ಕೇಳಿದಳು.

ಅಂಗಳದಲ್ಲಿ ನನ್ನನ್ನು ನೋಡಿದ ಕೂಡಲೇ ಅಣ್ಣ ಬೈಯಲು ಬಾಯಿ ತೆರೆದ. ಹುಡುಗಿ ಅವನನ್ನು ದಾಟಿ ಹೋಗಿ ಅವನ ತಂಗಿಯ ಎದುರು ನಿಂತಳು. ಎರಡು ಜಡೆಯ ಮಗು ಓಡಿಬಂದು ತಾಯಿಯ ಸೆರಗು ಹಿಡಿದುಕೊಂಡಿತು.

"ಎದುರುಮನೆಯೋಳು ನಾನು. ಬಂಗಾರ ಅಂದದ್ದು ನಮ್ಮಮ್ಮ" ಎಂದಳು. ಮಗುವಿಗೆ ಬೆರಳು ತೋರಿಸಿದಳು. "ಇವಳಿಗಿಂತ ಸ್ವಲ್ಪ ಎತ್ತರ ಇದ್ದೆ. ಸ್ಕೂಲಿಗೆ ಬಿಡ್ತೀನಿ ಅಂತ ಕಾರು ಹತ್ತಿಸ್ಕೋತಿದ್ದ."

ಅಷ್ಟೇ ಸಾಕಾಯಿತು. ತಾಯಿ ಮಗುವನ್ನು ಬಾಚಿ ಎತ್ತಿಕೊಂಡಳು. ಅಣ್ಣ ಹೆಣೆದ ಗರಿಗಳ ಮೇಲೆ ಕುಸಿದು ಕೂತ. ಕಾಪಾಡಿದೆಯಮ್ಮ ಎಂಬ ಒಂದು ಮಾತು ಬರುತ್ತದೆಂದು ನಾನು ಕಾದೆ, ಪೆದ್ದಿ. "ಇಷ್ಟು ದಿನ ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?" ಎಂದಳು ಆ ಹೆಂಗಸು, ಹುಡುಗಿಗೆ. "ಚಪ್ಪರ ಹಾಕೋವರೆಗೂ ಕಾಯ್ತಿದ್ಯಾ?" ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕುಡಿಯಲು ನೀರು ಕೊಡುವವರಿಲ್ಲ. ಬಸ್ಸಿನಲ್ಲಿ ಹುಡುಗಿ ಕಂಬಿಗೆ ತಲೆ ಒರಗಿಸಿ ನಿದ್ದೆ ಹೋದಳು.

ಮದುವೆ ಮುರಿಯಿತು. ಅಣ್ಣ ತೂಬಗೆರೆ ಕಡೆಗೆ ಬಂದು, ಡೈರಿಯ ಮುಂದೆ ನಿಂತು, ಯಾರು ಬಂದು ಏನು ಹೇಳಿದರು ಎಂದು ಹೆಸರು ಹಿಡಿದು ಕೂಗಾಡಿ ಹೋದ. ಇವನು ನಮ್ಮ ಕೋಣೆಯಲ್ಲಿ ಕೂತು, "ಆ ಹುಡ್ಗಿ ನನ್ ಬದುಕು ಹಾಳು ಮಾಡಿದ್ಲು" ಎಂದ. ಡಾಕ್ಟರು ಅವನನ್ನು ಎಷ್ಟೋ ವಾರ ಅದೇ ಮಾತಿನ ಮೇಲೆ ಕೂರಿಸಿದರು. ಯಾರು ಯಾರ ಬದುಕು ಹಾಳು ಮಾಡಿದ್ದು ಎಂದು ಅವನ ಬಾಯಿಂದಲೇ ಹೊರಡಿಸುವವರೆಗೆ ಬಿಡಲಿಲ್ಲ.

ಕೊನೆಗೆ ಆ ಮಾತು ಹೊರಟಿತು. ಹೇಳಲು ನನಗೇ ಹೊಟ್ಟೆ ಉರಿಯುತ್ತದೆ, ಆದರೆ ಡಾಕ್ಟರ ದಾರಿ ಕೆಲಸ ಮಾಡಿತು. ಅವನು ಊರು ಬಿಟ್ಟು ಪಿಲ್ಲಗುಂಪೆಯಲ್ಲಿ ರೂಮು ಮಾಡಿದ. ಗೋಡೌನಿನ ಹಿರಿಯ ಮೇಸ್ತ್ರಿಯೊಬ್ಬನಿಗೆ ತಾನು ಮಾಡಿದ್ದನ್ನು ತಾನೇ ಹೇಳಿಕೊಂಡ, ಮಕ್ಕಳಿರುವ ಕಡೆ ನನ್ನನ್ನು ಬಿಡಬೇಡ ಎಂದ. ಆ ಮೇಸ್ತ್ರಿ ಅವನ ಮೇಲೆ ಕಣ್ಣಿಟ್ಟ. ಈಗ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ, ಮೈ ಕೈ ತುಂಬಿಕೊಂಡಿದ್ದಾನೆ. ಆಮೇಲೆ ಅವನ ಮೇಲೆ ಯಾವ ದೂರೂ ಬರಲಿಲ್ಲ.

ಮುಂದಿನ ವರ್ಷ ಎದುರುಮನೆಯ ತಾಯಿ ನನಗೆ ಫೋನು ಮಾಡಿದಳು. ಹೊಸಕೋಟೆ ಕಡೆಯವರೊಬ್ಬರು ಮಗಳ ಫೋಟೋ ನೋಡಿ ಒಪ್ಪಿದ್ದರಂತೆ. ವಿಚಾರಿಸಿಕೊಂಡು ಹೋಗಲು ಊರಿಗೆ ಬಂದಿದ್ದರಂತೆ.

"ಎಲ್ಲಾ ಹೇಳ್ಬಿಟ್ಟವ್ರೆ" ಎಂದಳು.

"ಯಾರು?"

"ಎಲ್ಲಾರೂ. ಅವನ್ನ ದುಬೈಗೆ ಕಳ್ಸಿದ್ರಲ್ಲ, ಅದೇ ಜನ. ಯಾಕ್ರವ್ವ ಹಿಂಗ್ ಮಾಡಿದ್ರಿ ಅಂತ ಕೇಳೋಕೆ ಹೋದೆ. ಹೆಣ್ಣಿನ ವಿಷ್ಯದಲ್ಲಿ ಸುಳ್ಳು ಹೇಳಿದ್ರೆ ಪಾಪ ಸುತ್ಕೋತದೆ, ಪಾಪ ಅವ್ರೂ ಮಗನ್ನ ಹೆತ್ತೋರಲ್ವಾ ಅಂದ್ರು."

ನಾನು ಏನೋ ಸಮಾಧಾನ ಹೇಳಲು ಹೋದೆ. ಆಕೆ ಬಿಡಲಿಲ್ಲ.

"ನಿನ್ ಜೊತೆ ಬಂದ್ಲಲ್ಲ, ಅದಕ್ಕೇ ಇಷ್ಟೆಲ್ಲಾ ಆಗಿದ್ದು. ಈಗ ನೀನೇ ಒಂದು ಗಂಡು ನೋಡು. ನಿಮ್ಮ ಹತ್ರ ಗಂಡಸ್ರು ಬರ್ತಾರಲ್ಲ, ಅವರಲ್ಲಿ ಒಳ್ಳೇದೇನಿದೆ ಅಂತ ಹುಡುಕಿ ಹುಡುಕಿ ಬರೀತೀರಂತಲ್ಲ. ಅವರಲ್ಲೇ ಯಾವನಾದ್ರೂ ಇದ್ರೆ ಹೇಳು. ಇವಳಿಗೆ ಇನ್ಯಾರು ಸಿಗ್ತಾರೆ?"

ಆಕೆ ಅಣಕಿಸುತ್ತಿರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು.